ವುಡ್‌ವಿಂಡ್ ವಾದ್ಯಗಳ ಇತಿಹಾಸಕ್ಕೆ ಯಾವ ಪುಸ್ತಕ ಓದಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲೂಟ್, ಕ್ಲಾರಿನೆಟ್, ಓಬೋ, ಬಸೂನ್ ನುಡಿಸುವವರಿಗೆ ಒಂದಲ್ಲ ಒಂದು ದಿನ ಈ ಕುತೂಹಲ ಹುಟ್ಟೇ ಹುಟ್ಟುತ್ತದೆ. ನನ್ನ ಕೈಯಲ್ಲಿರುವ ವಾದ್ಯ ಹೀಗೇ ಯಾಕಿದೆ? ತೂತು ಮುಚ್ಚಿ ತೆರೆಯುವ ಈ ಕೀ ಇಲ್ಲೇ ಯಾಕಿದೆ? ಇದಕ್ಕಿಂತ ಮೊದಲು ಏನಿತ್ತು? ಉತ್ತರ ಹುಡುಕಲು ಹೊರಟರೆ ಪುಸ್ತಕಗಳ ರಾಶಿಯೇ ಎದುರಾಗುತ್ತದೆ. ಎಲ್ಲಿಂದ ಶುರು ಮಾಡಬೇಕು ಅಂತ ತಲೆ ಕೆಡುತ್ತದೆ. ನಾನು ಈ ಪುಸ್ತಕಗಳ ಜೊತೆ ಬಹಳ ವರ್ಷ ಕಳೆದಿದ್ದೇನೆ. ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ವುಡ್‌ವಿಂಡ್ ಅಂದರೆ ಮರದ ವಾದ್ಯ ತಾನೇ? ಹಾಗಿದ್ದರೆ ಸ್ಯಾಕ್ಸೊಫೋನ್ ಈ ಪುಸ್ತಕಗಳಲ್ಲಿ ಯಾಕೆ ಬರುತ್ತದೆ?

ಹೆಸರು ಹಳೆಯದು, ಅದಕ್ಕೇ ಈ ಗೊಂದಲ. ಈಗಿನ ಆರ್ಕೆಸ್ಟ್ರಾ ಫ್ಲೂಟ್ ಹೆಚ್ಚಾಗಿ ಲೋಹದ್ದು. ಸ್ಯಾಕ್ಸೊಫೋನ್ ಹುಟ್ಟಿದಾಗಿನಿಂದಲೂ ಹಿತ್ತಾಳೆಯದೇ. ಆದರೂ ಎರಡೂ ವುಡ್‌ವಿಂಡ್. ಇಲ್ಲಿ ನೋಡಬೇಕಾದ್ದು ಯಾವ ವಸ್ತುವಿನಿಂದ ಮಾಡಿದ್ದಾರೆ ಅನ್ನುವುದನ್ನಲ್ಲ, ಸ್ವರ ಹೇಗೆ ಹುಟ್ಟುತ್ತದೆ ಅನ್ನುವುದನ್ನು. ಗಾಳಿ ಒಂದು ಅಂಚಿಗೆ ಬಡಿದು ಸ್ವರ ಬಂದರೆ ಅದು ಫ್ಲೂಟ್ ಮತ್ತು ರೆಕಾರ್ಡರ್‌ಗಳ ಗುಂಪು. ರೀಡ್, ಅಂದರೆ ಬಾಯಿಯ ಹತ್ತಿರ ಕಟ್ಟುವ ತೆಳು ಬೆತ್ತದ ಪಟ್ಟಿ, ನಡುಗಿ ಬಂದರೆ ಕ್ಲಾರಿನೆಟ್, ಓಬೋ, ಬಸೂನ್, ಸ್ಯಾಕ್ಸೊಫೋನ್ ಗುಂಪು. ತುಟಿಯೇ ನಡುಗಿದರೆ ಅದು ತುತ್ತೂರಿಯ ಕುಲ, ಅದರ ಪುಸ್ತಕಗಳೇ ಬೇರೆ.

ನಾವು ಇವನ್ನೆಲ್ಲ ಒಟ್ಟಾಗಿ ಸುಷಿರ ವಾದ್ಯ ಅನ್ನುತ್ತೇವೆ. 1914ರಲ್ಲಿ ಎರಿಕ್ ಫಾನ್ ಹಾರ್ನ್‌ಬೋಸ್ಟೆಲ್ ಮತ್ತು ಕುರ್ಟ್ ಸ್ಯಾಕ್ಸ್ ಇಡೀ ಜಗತ್ತಿನ ವಾದ್ಯಗಳಿಗೆ ಒಂದು ವರ್ಗೀಕರಣ ಮಾಡಿದರು. ಅದರಲ್ಲಿ ಊದುವ ವಾದ್ಯಗಳಿಗೆ 4ರಿಂದ ಶುರುವಾಗುವ ಸಂಖ್ಯೆ. 421 ಅಂದರೆ ಫ್ಲೂಟ್ ಜಾತಿ, 422 ಅಂದರೆ ರೀಡ್ ಜಾತಿ. ಮ್ಯೂಸಿಯಂ ಕ್ಯಾಟಲಾಗ್‌ಗಳಲ್ಲಿ ಈ ಸಂಖ್ಯೆ ಈಗಲೂ ಕಾಣುತ್ತದೆ. ಗೊತ್ತಿದ್ದರೆ ಹುಡುಕುವುದು ಸುಲಭ.

ಒಂದೇ ಒಂದು ಪುಸ್ತಕ ಅಂದರೆ ಯಾವುದು?

ಆಂಥನಿ ಬೇನ್ಸ್ ಅವರ 'ವುಡ್‌ವಿಂಡ್ ಇನ್‌ಸ್ಟ್ರುಮೆಂಟ್ಸ್ ಅಂಡ್ ದೇರ್ ಹಿಸ್ಟರಿ'. ಮೊದಲು ಬಂದದ್ದು 1957ರಲ್ಲಿ. ಆಮೇಲೆ ಪರಿಷ್ಕೃತ ಆವೃತ್ತಿಗಳು ಬಂದವು. ಡೋವರ್ ಪ್ರಕಾಶನದ ಮರುಮುದ್ರಣವೂ ಇದೆ.

ಬೇನ್ಸ್ ಲಂಡನ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾದಲ್ಲಿ ಬಸೂನ್ ನುಡಿಸುತ್ತಿದ್ದವರು. ಆಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬೇಟ್ ವಾದ್ಯ ಸಂಗ್ರಹದ ಉಸ್ತುವಾರಿ ನೋಡಿಕೊಂಡರು. ಅಂದರೆ ವೇದಿಕೆಯ ಅನುಭವವೂ ಇತ್ತು, ಹಳೆಯ ವಾದ್ಯಗಳನ್ನು ದಿನಾ ಕೈಯಲ್ಲಿ ಹಿಡಿದ ಅನುಭವವೂ ಬಂತು. ಪುಸ್ತಕದ ಮೊದಲ ಭಾಗ ಇಂದಿನ ವಾದ್ಯಗಳ ಬಗ್ಗೆ. ಎರಡನೆಯ ಭಾಗ ಇತಿಹಾಸ. ಈ ಕ್ರಮ ನನಗೆ ಬಹಳ ಇಷ್ಟ. ಮೊದಲು ನಿಮ್ಮ ಕೈಯಲ್ಲಿರುವ ವಾದ್ಯ ಅರ್ಥವಾಗಲಿ, ಆಮೇಲೆ ಅದರ ಅಜ್ಜ ಮುತ್ತಜ್ಜರನ್ನು ನೋಡೋಣ ಅನ್ನುವ ದಾರಿ ಅದು.

ಅದರಲ್ಲಿರುವ ಬೆರಳಿನ ಪಟ್ಟಿಗಳನ್ನು ಸುಮ್ನೆ ದಾಟಿಕೊಂಡು ಹೋಗಬೇಡಿ. ಒಂದೇ ಕೀ ಇರುವ ಹಳೆಯ ಮರದ ಫ್ಲೂಟಿನ ಪಟ್ಟಿ ತೆಗೆದುಕೊಳ್ಳಿ. ಆರು ತೂತು, ಕಿರುಬೆರಳಿಗೆ ಒಂದು ಕೀ, ಅಷ್ಟೇ. ಎಫ್ ಸ್ವರ ಬೇಕಾದರೆ ಮಧ್ಯದ ಒಂದು ತೂತನ್ನು ತೆರೆದು ಅದರ ಕೆಳಗಿನದನ್ನು ಮುಚ್ಚಬೇಕು. ಆಗ ಬರುವ ಸ್ವರ ಸ್ವಲ್ಪ ಮಂಕು, ಸ್ವಲ್ಪ ಮುಸುಕು. ಪಕ್ಕದ ಜಿ ಮಾತ್ರ ತೆರೆದ ಗಂಟಲಿನ ಹಾಗೆ ಕೇಳುತ್ತದೆ. ಆ ಕಾಲದ ಸಂಗೀತಗಾರರು ಈ ವ್ಯತ್ಯಾಸವನ್ನು ದೋಷ ಅಂತ ಮಾತ್ರ ನೋಡಲಿಲ್ಲ. ಒಂದೊಂದು ಶ್ರುತಿಗೂ ಒಂದೊಂದು ಬಣ್ಣ ಅಂತ ಬಳಸಿಕೊಂಡರು. ಪಟ್ಟಿ ಇಟ್ಟುಕೊಂಡು ಬೆರಳು ಆಡಿಸಿ ನೋಡಿದರೆ ಇದು ಗೊತ್ತಾಗುತ್ತದೆ, ಬರೀ ಓದಿದರೆ ಗೊತ್ತಾಗುವುದಿಲ್ಲ.

1957ರ ಪುಸ್ತಕ ಅಂದರೆ ಹಳೆಯದಾಗಿಲ್ವಾ?

ಕೆಲವು ವಿಷಯದಲ್ಲಿ ಆಗಿದೆ. ಈ ಕ್ಷೇತ್ರಕ್ಕೆ ಬರುವವರಿಗೆ ನಾನು ಮೊದಲು ಹೇಳುವ ಮಾತೇ ಇದು: ಪುಸ್ತಕ ತೆರೆದ ಕೂಡಲೇ ಅದರ ಇಸವಿ ನೋಡಿ. ಅದು ಬರೆದ ಕಾಲಕ್ಕೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಕ್ಲಾರಿನೆಟ್‌ನ ಉದಾಹರಣೆ ನೋಡಿ. ನ್ಯೂರೆಂಬರ್ಗಿನ ಯೋಹಾನ್ ಕ್ರಿಸ್ಟೋಫ್ ಡೆನ್ನರ್ 1690ರಲ್ಲಿ ಕ್ಲಾರಿನೆಟ್ ಕಂಡುಹಿಡಿದ ಅಂತ ಎಷ್ಟೋ ಹಳೆಯ ಪುಸ್ತಕಗಳಲ್ಲಿದೆ. ಆದರೆ ಮೂಲಕ್ಕೆ ಹೋದರೆ ಸಿಗುವುದು ಅದೇ ಊರಿನ ಲೇಖಕ ಡೊಪೆಲ್‌ಮಾಯರ್ 1730ರಲ್ಲಿ ಬರೆದ ಮಾತು. ಅವನು ಹೇಳಿದ್ದು 'ಈ ಶತಮಾನದ ಆರಂಭದಲ್ಲಿ' ಅಂತ ಮಾತ್ರ. ಅಂದರೆ 1700ರ ನಂತರ. 1690 ಅನ್ನುವುದು ಆಮೇಲೆ ಬಂದವರು ಸೇರಿಸಿದ ಸಂಖ್ಯೆ. ಒಬ್ಬರಿಂದ ಒಬ್ಬರು ನಕಲು ಮಾಡುತ್ತಾ ಅದು ಖಾಯಂ ಆಗಿಬಿಟ್ಟಿತು.

ಓಬೋ ಕಥೆಯೂ ಹೀಗೇ. 1657ರಲ್ಲಿ ಫ್ರೆಂಚ್ ಆಸ್ಥಾನದಲ್ಲಿ ಸಂಗೀತ ರಚನೆಕಾರ ಲೂಲಿಯ ಒಂದು ಬ್ಯಾಲೆಯಲ್ಲಿ ಓಬೋ ಮೊದಲ ಸಲ ನುಡಿಯಿತು ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ಸಂಶೋಧಕ ಬ್ರೂಸ್ ಹೇನ್ಸ್ ಅವರು ಚಿತ್ರಗಳು, ದಾಖಲೆಗಳು, ಉಳಿದ ವಾದ್ಯಗಳನ್ನೆಲ್ಲ ಜಾಲಾಡಿ ಬೇರೆಯದೇ ಹೇಳಿದರು. ಓಬೋಗಿಂತ ಮೊದಲಿದ್ದ ಜೋಡಿ ರೀಡಿನ ವಾದ್ಯ ಶಾಮ್ ಒಂದೇ ದಿನದಲ್ಲಿ ಓಬೋ ಆಗಲಿಲ್ಲ. ಹಲವು ವರ್ಷ ಹಂತ ಹಂತವಾಗಿ ಬದಲಾಯಿತು.

ಇನ್ನು ಪ್ರಾಚೀನ ಕಾಲದ ಮಾತು. ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಿದ, ಐದು ತೂತುಗಳ ಕೊಳಲು ಸಿಕ್ಕಿದ್ದು 2008ರಲ್ಲಿ. ಅದಕ್ಕೆ 35 ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. ಚೀನಾದ ಜಿಯಾಹುವಿನಲ್ಲಿ ಸಿಕ್ಕ ಕೊಕ್ಕರೆ ಮೂಳೆಯ ಕೊಳಲುಗಳ ವಿಷಯ ಹೊರಜಗತ್ತಿಗೆ ಚೆನ್ನಾಗಿ ತಿಳಿದದ್ದು 1999ರಲ್ಲಿ. 1957ರಲ್ಲಿ ಬರೆದವರಿಗೆ ಇವೆಲ್ಲ ಎಲ್ಲಿಂದ ಗೊತ್ತಾಗಬೇಕು?

ಹಾಗಂತ ಬೇನ್ಸ್ ಅವರನ್ನು ಬದಿಗಿಡಬೇಡಿ. ವಾದ್ಯ ಹೇಗೆ ಕೆಲಸ ಮಾಡುತ್ತದೆ, ನುಡಿಸುವವನಿಗೆ ಅದು ಹೇಗೆ ಅನ್ನಿಸುತ್ತದೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಬರೆದವರು ಕಡಿಮೆ. ದಿನಾಂಕಗಳನ್ನು ಮಾತ್ರ ಹೊಸ ಪುಸ್ತಕದ ಜೊತೆ ತಾಳೆ ನೋಡಿ.

ಹೊಸ ಪುಸ್ತಕ ಅಂದರೆ ಯಾವುವು? ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಇದೆಯಾ?

ಇದೆ. ಇಲ್ಲಿ ಒಂದು ಅನುಕೂಲವೂ ಇದೆ. ಅರ್ಧ ಶತಮಾನದ ಅಂತರದಲ್ಲಿ ಎರಡು ಮಾಲಿಕೆಗಳು ಬಂದಿವೆ, ಎರಡರಲ್ಲೂ ವಾದ್ಯಕ್ಕೊಂದು ಪುಸ್ತಕ.

ಮೊದಲನೆಯದು 1950 ಮತ್ತು 60ರ ದಶಕದಲ್ಲಿ ಲಂಡನ್ನಿನಿಂದ ಬಂದದ್ದು. ಜೆಫ್ರಿ ರೆಂಡಲ್ ಅವರ 'ದ ಕ್ಲಾರಿನೆಟ್' (1954), ಫಿಲಿಪ್ ಬೇಟ್ ಅವರ 'ದಿ ಓಬೋ' (1956) ಮತ್ತು 'ದ ಫ್ಲೂಟ್' (1969), ಲಿಂಡ್ಸೆ ಲ್ಯಾಂಗ್‌ವಿಲ್ ಅವರ ಬಸೂನ್ ಪುಸ್ತಕ (1965). ಎರಡನೆಯದು ಯೇಲ್ ವಿಶ್ವವಿದ್ಯಾಲಯದ ಪ್ರಕಾಶನದ್ದು. ಆರ್ಡಲ್ ಪವೆಲ್ ಬರೆದ ಫ್ಲೂಟ್ ಪುಸ್ತಕ 2002ರಲ್ಲಿ, ಜೆಫ್ರಿ ಬರ್ಜೆಸ್ ಮತ್ತು ಬ್ರೂಸ್ ಹೇನ್ಸ್ ಬರೆದ ಓಬೋ ಪುಸ್ತಕ 2004ರಲ್ಲಿ, ಎರಿಕ್ ಹೋಪ್ರಿಕ್ ಅವರ ಕ್ಲಾರಿನೆಟ್ 2008ರಲ್ಲಿ, ಜೇಮ್ಸ್ ಕಾಪ್ ಅವರ ಬಸೂನ್ 2012ರಲ್ಲಿ ಬಂದವು.

ನಿಮ್ಮ ವಾದ್ಯಕ್ಕೆ ಎರಡೂ ಮಾಲಿಕೆಯಿಂದ ಒಂದೊಂದು ತೆಗೆದುಕೊಂಡು ಅಕ್ಕಪಕ್ಕ ಇಟ್ಟು ಓದಿ. ಹಳೆಯ ಮಾಲಿಕೆಯವರು ಕೀಗಳ ಯಂತ್ರ, ಕೊಳವೆಯ ಅಳತೆ, ತಯಾರಕರು ಇವುಗಳ ಮೇಲೆ ಕಣ್ಣಿಟ್ಟಿದ್ದಾರೆ. ಹೊಸಬರು ಯಾರು ನುಡಿಸಿದರು, ಯಾರಿಗೋಸ್ಕರ, ಯಾವ ಸಂಗೀತ, ಯಾವ ಮಾರುಕಟ್ಟೆ ಅಂತ ಕೇಳುತ್ತಾರೆ. ಎರಡೂ ಬೇಕು.

ಫ್ಲೂಟಿಗೆ ಏನು ಓದಲಿ?

ಪವೆಲ್ ಅವರಿಂದ ಶುರು ಮಾಡಿ. ಆಮೇಲೆ ಥಿಯೊಬಾಲ್ಡ್ ಬೋಮ್ ಸ್ವತಃ ಬರೆದದ್ದನ್ನು ಓದಲೇಬೇಕು. ಇಂದು ಜಗತ್ತಿನಾದ್ಯಂತ ನುಡಿಸುವ ಆರ್ಕೆಸ್ಟ್ರಾ ಫ್ಲೂಟಿನ ರೂಪ ಮ್ಯೂನಿಕ್ಕಿನ ಈ ಮನುಷ್ಯನದು. 1831ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ನಿಕಲ್ಸನ್ ನುಡಿಸಿದ್ದನ್ನು ಅವನು ಕೇಳಿದ. ನಿಕಲ್ಸನ್ ಫ್ಲೂಟಿನ ತೂತುಗಳು ದೊಡ್ಡವು, ನಾದವೂ ದೊಡ್ಡದು. ತನ್ನ ಫ್ಲೂಟಿನಲ್ಲಿ ಅಂಥ ನಾದ ಬರುವುದಿಲ್ಲ ಅಂತ ಅವನಿಗೆ ಅರಿವಾಯಿತು. 1832ರಲ್ಲಿ ಉಂಗುರದ ಕೀಗಳಿರುವ ಹೊಸ ಫ್ಲೂಟ್ ಮಾಡಿದ. 1847ರಲ್ಲಿ ಕೊಳವೆಯ ಒಳ ಆಕಾರವನ್ನೇ ಬದಲಿಸಿ ಇನ್ನೊಂದು ಮಾಡಿದ. ಅವನ 'ದ ಫ್ಲೂಟ್ ಅಂಡ್ ಫ್ಲೂಟ್ ಪ್ಲೇಯಿಂಗ್' ಜರ್ಮನ್‌ನಲ್ಲಿ 1871ರಲ್ಲಿ ಬಂತು. ಇಂಗ್ಲಿಷಿಗೆ ತಂದವರು ಡೇಟನ್ ಮಿಲ್ಲರ್. ಅವರು ಭೌತವಿಜ್ಞಾನಿ. ಅವರು ಕೂಡಿಸಿದ ಸುಮಾರು 1,700 ಫ್ಲೂಟುಗಳು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಪುಸ್ತಕ ಚಿಕ್ಕದು, ಭಾಷೆ ನೇರ. ಒಬ್ಬ ಅಕ್ಕಸಾಲಿಗ ತನ್ನ ಕೆಲಸ ವಿವರಿಸಿದ ಹಾಗಿದೆ. ಅವನು ನಿಜವಾಗಿಯೂ ಅಕ್ಕಸಾಲಿಗನೇ, ತಂದೆಯ ಕಸುಬು ಕಲಿತವನು.

ಇಲ್ಲಿ ಒಂದು ಎಚ್ಚರಿಕೆ. ರಾಕ್‌ಸ್ಟ್ರೋ ಬರೆದ ಫ್ಲೂಟ್ ಗ್ರಂಥ (1890) ಬಹಳ ದೊಡ್ಡದು, ಮಾಹಿತಿಯ ಗಣಿ. ಆದರೆ ಬೋಮ್ ವಿಷಯ ಬಂದ ಕೂಡಲೇ ಲೇಖಕನ ತಕ್ಕಡಿ ವಾಲುತ್ತದೆ. ಹೊಸ ಫ್ಲೂಟಿನ ಮೂಲ ಯೋಚನೆ ಬೋಮ್‌ನದಲ್ಲ, ಕ್ಯಾಪ್ಟನ್ ಗಾರ್ಡನ್ ಎಂಬ ಸೇನಾಧಿಕಾರಿಯದು ಅಂತ ಅವರ ಪಕ್ಷ. ಕ್ರಿಸ್ಟೋಫರ್ ವೆಲ್ಚ್ ಬರೆದ 'ಹಿಸ್ಟರಿ ಆಫ್ ದ ಬೋಮ್ ಫ್ಲೂಟ್' ಬೋಮ್ ಪರ. ಅದರ ಮೊದಲ ಆವೃತ್ತಿ 1883ರದು. ಬರೀ ರಾಕ್‌ಸ್ಟ್ರೋ ಓದಿದವರು ಬೋಮ್ ಕಳ್ಳ ಅಂದುಕೊಳ್ಳುತ್ತಾರೆ. ಅದಕ್ಕೇ ಈ ಜಗಳಕ್ಕೆ ಸಂಬಂಧಿಸಿದ ಯಾವುದನ್ನೂ ಒಂದೇ ಕಡೆಯಿಂದ ಓದಬೇಡಿ. ಪವೆಲ್ ಇಡೀ ವಿವಾದವನ್ನು ತಣ್ಣಗೆ ಬಿಡಿಸಿಟ್ಟಿದ್ದಾರೆ.

ನ್ಯಾನ್ಸಿ ಟಾಫ್ ಅವರ 'ದ ಡೆವಲಪ್‌ಮೆಂಟ್ ಆಫ್ ದ ಮಾಡರ್ನ್ ಫ್ಲೂಟ್' (1979) ಕೂಡ ಒಳ್ಳೆಯದು. ಬೋಮ್ ಆದ ಮೇಲೆ ಕೀ ವ್ಯವಸ್ಥೆಯಲ್ಲಿ ಯಾರು ಯಾರು ಏನೇನು ಮಾಡಿ ನೋಡಿದರು ಅಂತ ತಿಳಿಯಲು ಅದನ್ನೇ ನೋಡುತ್ತೇನೆ.

ಕ್ಲಾರಿನೆಟಿಗೆ?

ಆಲ್ಬರ್ಟ್ ರೈಸ್. ಅವರು ಇದನ್ನು ತುಂಡು ತುಂಡಾಗಿ, ಕಾಲಕಾಲಕ್ಕೆ ಬೇರೆ ಪುಸ್ತಕವಾಗಿ ಬರೆದಿದ್ದಾರೆ. 'ದ ಬರೋಕ್ ಕ್ಲಾರಿನೆಟ್' 1992ರದು, ಅದರ ವಿಸ್ತೃತ ಆವೃತ್ತಿ 2020ರಲ್ಲಿ ಬಂತು. ಕ್ಲಾಸಿಕಲ್ ಕಾಲದ ಪುಸ್ತಕ 2003ರದು. ಉಳಿದುಕೊಂಡ ಒಂದೊಂದು ವಾದ್ಯವನ್ನೂ ಎಣಿಸಿ, ಅಳೆದು ಬರೆದಂಥ ಕೆಲಸ. ಓದಲು ಸ್ವಲ್ಪ ಗಟ್ಟಿ. ಒಂದೇ ಸಂಪುಟದಲ್ಲಿ ಪೂರ್ತಿ ಕಥೆ ಬೇಕಾದರೆ ಹೋಪ್ರಿಕ್ ಓದಿ. ಅವರು ಹಳೆಯ ಕ್ಲಾರಿನೆಟ್ ನುಡಿಸುವವರೂ ಹೌದು, ತಯಾರಿಸುವವರೂ ಹೌದು.

ಇಲ್ಲೂ ಇಸವಿ ಎಷ್ಟು ಮುಖ್ಯ ನೋಡಿ. ಮೊಝಾರ್ಟ್ 1791ರಲ್ಲಿ ಕ್ಲಾರಿನೆಟ್ ಕಾನ್ಸರ್ಟೊ ಬರೆದದ್ದು ಆಂಟನ್ ಸ್ಟಾಡ್ಲರ್ ಎಂಬ ವಾದಕನಿಗೆ. ಸ್ಟಾಡ್ಲರ್ ವಾದ್ಯ ಮಾಮೂಲಿಗಿಂತ ಕೆಳಗಿನ ಸ್ವರಗಳಿಗೂ ಇಳಿಯುತ್ತಿತ್ತು. ಆ ವಾದ್ಯ ಉಳಿದಿಲ್ಲ. ಅದು ನೋಡಲು ಹೇಗಿತ್ತು ಅಂತ ಬಹಳ ಕಾಲ ಊಹೆ ಮಾತ್ರ. 1794ರಲ್ಲಿ ರೀಗಾ ನಗರದಲ್ಲಿ ಅವನು ಕೊಟ್ಟ ಕಛೇರಿಯ ಕಾರ್ಯಕ್ರಮ ಪತ್ರದಲ್ಲಿ ಆ ವಾದ್ಯದ ಚಿತ್ರವೇ ಇತ್ತು. ಅದು ಬೆಳಕಿಗೆ ಬಂದದ್ದು 1990ರ ದಶಕದಲ್ಲಿ. ತುದಿಯಲ್ಲಿ ಬಾಗಿ, ಗುಂಡಗಿನ ಗಂಟೆಯಲ್ಲಿ ಮುಗಿಯುವ ವಿಚಿತ್ರ ಆಕಾರ. ರೆಂಡಲ್ ಅವರ ಪುಸ್ತಕದಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ, ಸಿಗುವುದು ಸಾಧ್ಯವೂ ಇರಲಿಲ್ಲ.

ಇನ್ನೊಂದು ಮಾತು. 'ಬೋಮ್ ಕ್ಲಾರಿನೆಟ್' ಅನ್ನುವ ಹೆಸರು ನೋಡಿ ಬೋಮ್ ಅದನ್ನು ಮಾಡಿದ ಅಂದುಕೊಳ್ಳಬೇಡಿ. ಅದು ಪ್ಯಾರಿಸ್ಸಿನ ವಾದಕ ಕ್ಲೋಸೆ ಮತ್ತು ತಯಾರಕ ಬುಫೆ ಸೇರಿ ಮಾಡಿದ್ದು. 1839ರಲ್ಲಿ ಪ್ರದರ್ಶನ, 1844ರಲ್ಲಿ ಪೇಟೆಂಟ್. ಬೋಮ್‌ನ ಉಂಗುರ ಕೀಗಳ ಯೋಚನೆಯನ್ನು ಮಾತ್ರ ಎರವಲು ಪಡೆದರು. ಒಂದು ಪುಸ್ತಕ ಎಷ್ಟು ಜಾಗರೂಕವಾಗಿದೆ ಅಂತ ತಿಳಿಯಲು ನಾನು ಈ ಪುಟ ತೆರೆದು ನೋಡುತ್ತೇನೆ.

ಓಬೋ, ಬಸೂನ್?

ಓಬೋಗೆ ಬರ್ಜೆಸ್ ಮತ್ತು ಹೇನ್ಸ್. ಬರೋಕ್ ಕಾಲ ಆಳವಾಗಿ ಬೇಕಾದರೆ ಹೇನ್ಸ್ ಒಬ್ಬರೇ ಬರೆದ 'ದಿ ಎಲೊಕ್ವೆಂಟ್ ಓಬೋ' (2001). ಅದರ ಪ್ರತಿ ಪುಟದಲ್ಲೂ ಆ ವಾದ್ಯದ ಮೇಲಿನ ಪ್ರೀತಿ ಕಾಣುತ್ತದೆ.

ಬಸೂನಿಗೆ ಕಾಪ್ ಸಾಕು. ಒಂದೇ ಮರದ ತುಂಡಿನಲ್ಲಿ ಎರಡು ಕೊಳವೆ ಕೊರೆದ ಡಲ್ಸಿಯನ್‌ನಿಂದ ಬಿಡಿ ಬಿಡಿ ಭಾಗಗಳ ಬಸೂನ್ ಹೇಗೆ ಬಂತು, ಆಮೇಲೆ ಫ್ರೆಂಚ್ ದಾರಿ ಮತ್ತು ಹೆಕೆಲ್ ಎಂಬ ತಯಾರಕರ ಜರ್ಮನ್ ದಾರಿ ಹೇಗೆ ಬೇರೆಯಾಯಿತು ಅನ್ನುವುದು ಅಲ್ಲಿದೆ.

ರೆಕಾರ್ಡರ್ ಮಕ್ಕಳ ವಾದ್ಯ ಅಲ್ವಾ? ಅದಕ್ಕೂ ಇತಿಹಾಸದ ಪುಸ್ತಕ ಇದೆಯಾ?

ಹಾಗೆ ಅಂದುಕೊಂಡವರಿಗೇ ಈ ಪುಸ್ತಕಗಳು ಜಾಸ್ತಿ ಬೇಕು. ಎಡ್ಗರ್ ಹಂಟ್ ಅವರ 'ದ ರೆಕಾರ್ಡರ್ ಅಂಡ್ ಇಟ್ಸ್ ಮ್ಯೂಸಿಕ್' (1962) ಹಳೆಯ ಒಡನಾಡಿ. ಯೇಲ್ ಮಾಲಿಕೆಯಲ್ಲಿ ಡೇವಿಡ್ ಲಸೋಕಿ, ರಾಬರ್ಟ್ ಎರ್ಲಿಕ್ ಮುಂತಾದವರ ಸಂಪುಟ 2022ರಲ್ಲಿ ಬಂದಿದೆ.

ರೆಕಾರ್ಡರ್ ಬಾಕ್ ಕಾಲದ ನಂತರ ಬಹುತೇಕ ಮರೆಯಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಬದುಕಿತು. ಹಳೆಯ ವಾದ್ಯಗಳಿಗೆ ಮತ್ತೆ ಜೀವ ಕೊಟ್ಟ ಆರ್ನಾಲ್ಡ್ ಡಾಲ್ಮೆಚ್ ಹತ್ತಿರ ಬ್ರೆಸಾನ್ ಎಂಬ ತಯಾರಕನ ಹಳೆಯ ರೆಕಾರ್ಡರ್ ಇತ್ತು. 1919ರಲ್ಲಿ ಲಂಡನ್ನಿನ ವಾಟರ್‌ಲೂ ರೈಲು ನಿಲ್ದಾಣದಲ್ಲಿ ಅವರ ಮಗ ಕಾರ್ಲ್ ಅದಿದ್ದ ಚೀಲವನ್ನು ಮರೆತು ಬಂದ. ವಾದ್ಯ ಹೋಯಿತು. ಅಳತೆಗಳು ಬರೆದಿಟ್ಟಿದ್ದವು. ಡಾಲ್ಮೆಚ್ ಅವುಗಳಿಂದ ತಾವೇ ಹೊಸದು ಮಾಡಲು ಕೂತರು. ಇಂದಿನ ರೆಕಾರ್ಡರ್ ತಯಾರಿಕೆಯ ಕಥೆ ಅಲ್ಲಿಂದ ಶುರು.

ಸ್ಯಾಕ್ಸೊಫೋನ್?

ಸ್ಟೀಫನ್ ಕಾಟ್ರೆಲ್ ಅವರ 'ದ ಸ್ಯಾಕ್ಸೊಫೋನ್' (2012). ಬೇರೆ ವಾದ್ಯಗಳಿಗೆ ಇಲ್ಲದ ಒಂದು ಅದೃಷ್ಟ ಇದಕ್ಕಿದೆ. ಹುಟ್ಟಿಸಿದವನು ಯಾರು, ಯಾವಾಗ ಅನ್ನುವುದು ಖಚಿತ. ಬೆಲ್ಜಿಯಂನ ದಿನಾಂಟ್‌ನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್, 1846ರ ಫ್ರೆಂಚ್ ಪೇಟೆಂಟ್.

ಆ ಕಾಲದಲ್ಲೇ ಬರೆದ ಪುಸ್ತಕಗಳನ್ನು ನಾನು ಓದಬಹುದಾ, ಅಥವಾ ಅದು ಪಂಡಿತರಿಗೆ ಮಾತ್ರವಾ?

ಖಂಡಿತ ಓದಬಹುದು. ಓದಲೂಬೇಕು. ಇತಿಹಾಸಕಾರರು ಹೇಳುವ ಮಾತಿನ ಬೇರು ಅಲ್ಲೇ ಇರುವುದು.

ವಿರ್ಡುಂಗ್ 1511ರಲ್ಲಿ ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕ ಯುರೋಪಿನಲ್ಲಿ ವಾದ್ಯಗಳ ಬಗ್ಗೆ ಅಚ್ಚಾದ ಅತಿ ಹಳೆಯ ಕೈಪಿಡಿಗಳಲ್ಲಿ ಒಂದು. ಅಗ್ರಿಕೋಲಾ 1529ರಲ್ಲಿ ಅದೇ ವಿಷಯವನ್ನು ಪ್ರಾಸಬದ್ಧ ಪದ್ಯದಲ್ಲಿ ಬರೆದ. ಬಾಯಿಪಾಠ ಮಾಡಲು ಅನುಕೂಲವಾಗಲಿ ಅಂತ. ಗನಾಸಿಯ ರೆಕಾರ್ಡರ್ ಪುಸ್ತಕ 1535ರದು, ವೆನಿಸ್. ಮೆರ್ಸೆನ್‌ನ 'ಆರ್ಮೊನಿ ಯುನಿವರ್ಸೆಲ್' 1636. ಒಟೆಟೇರ್‌ನ ಫ್ಲೂಟ್ ಕೈಪಿಡಿ 1707. ಕ್ವಾಂಟ್ಸ್‌ನ ಫ್ಲೂಟ್ ಗ್ರಂಥ 1752. ಎಡ್ವರ್ಡ್ ರೈಲಿ ಅದನ್ನು 'ಆನ್ ಪ್ಲೇಯಿಂಗ್ ದ ಫ್ಲೂಟ್' ಅಂತ ಇಂಗ್ಲಿಷಿಗೆ ತಂದಿದ್ದಾರೆ. ಕ್ವಾಂಟ್ಸ್ ಫ್ಲೂಟಿಗೆ ಎರಡು ಕೀ ಇದ್ದವು, ಡಿ ಶಾರ್ಪ್‌ಗೆ ಒಂದು, ಇ ಫ್ಲಾಟ್‌ಗೆ ಇನ್ನೊಂದು. ಪಿಯಾನೊದಲ್ಲಿ ಇವೆರಡೂ ಒಂದೇ ಮನೆ. ಅವನ ಕಿವಿಗೆ ಬೇರೆ ಬೇರೆ. ಶ್ರುತಿಯ ಸೂಕ್ಷ್ಮ ಗೊತ್ತಿರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಪ್ರೆಟೋರಿಯಸ್. ಅವನ 'ಸಿಂಟಗ್ಮಾ ಮ್ಯೂಸಿಕಮ್' ಎರಡನೆಯ ಸಂಪುಟ 1619ರದು, ಚಿತ್ರಗಳ ಭಾಗ 1620ರದು. ಜರ್ಮನ್ ಬರದಿದ್ದರೂ ಚಿತ್ರಪುಟ ತೆರೆಯಿರಿ. ಒಂದು ಪುಟದಲ್ಲಿ ರೆಕಾರ್ಡರ್‌ಗಳ ಇಡೀ ಸಂಸಾರ ಸಾಲಾಗಿ ನಿಂತಿದೆ. ಅಂಗೈಯಗಲದ ಮರಿಯಿಂದ ಹಿಡಿದು ಮನುಷ್ಯನಷ್ಟು ಎತ್ತರದ ಬಾಸ್‌ವರೆಗೆ. ಪುಟದ ಜೊತೆಗೇ ಒಂದು ಅಳತೆಪಟ್ಟಿ ಕೆತ್ತಿದ್ದಾರೆ, ಬ್ರನ್ಸ್‌ವಿಕ್ ಅಡಿಯ ಲೆಕ್ಕದಲ್ಲಿ. ಆ ಅಡಿ ನಮ್ಮ ಲೆಕ್ಕಕ್ಕೆ ಸುಮಾರು 28.5 ಸೆಂಟಿಮೀಟರ್. ಒಂದು ಕಾಗದದ ಚೂರಿನ ಅಂಚಿನಲ್ಲಿ ಆ ಪಟ್ಟಿಯನ್ನು ಗುರುತು ಹಾಕಿಕೊಂಡು ಚಿತ್ರದ ವಾದ್ಯದ ಪಕ್ಕ ಇಡಿ. 400 ವರ್ಷ ಹಳೆಯ ವಾದ್ಯದ ಉದ್ದ ನೀವೇ ಅಳೆಯಬಹುದು. ಮೊದಲ ಸಲ ಹೀಗೆ ಅಳೆದ ದಿನ ನನಗೆ ರಾತ್ರಿ ತಡವಾಗಿದ್ದೇ ಗೊತ್ತಾಗಲಿಲ್ಲ.

ನನ್ನ ಹತ್ತಿರ ಒಂದು ಹಳೆಯ ವಾದ್ಯ ಇದೆ. ಯಾರು ಮಾಡಿದ್ದು ಅಂತ ಹೇಗೆ ತಿಳಿಯಲಿ?

ಮುದ್ರೆ ಹುಡುಕಿ. ಮರಕ್ಕೆ ಕಾದ ಅಚ್ಚು ಒತ್ತಿ ಹೆಸರು, ಊರು, ಕೆಲವೊಮ್ಮೆ ಒಂದು ಚಿಹ್ನೆ ಮೂಡಿಸಿರುತ್ತಾರೆ. ಡೆನ್ನರ್ ಹೆಸರಿನ ಜೊತೆ ಒಂದು ಮರದ ಗುರುತು, ಬ್ರೆಸಾನ್ ಹೆಸರಿನ ಜೊತೆ ಗುಲಾಬಿ. ಮುದ್ರೆ ಸವೆದಿದ್ದರೆ ದೀಪವನ್ನು ಬದಿಯಿಂದ ಹಿಡಿದು ನೋಡಿ, ಅಕ್ಷರದ ನೆರಳು ಏಳುತ್ತದೆ. ಪ್ರತಿ ಭಾಗದಲ್ಲೂ ಒಂದೇ ಮುದ್ರೆ ಇದೆಯಾ ಅಂತ ನೋಡುವುದನ್ನು ಮರೆಯಬೇಡಿ. ತಲೆ ಒಬ್ಬರದು, ಕಾಲು ಇನ್ನೊಬ್ಬರದು ಆಗಿರುವುದು ಅಪರೂಪವೇನಲ್ಲ.

ಆಮೇಲೆ 'ದ ನ್ಯೂ ಲ್ಯಾಂಗ್‌ವಿಲ್ ಇಂಡೆಕ್ಸ್' ತೆಗೆಯಿರಿ. ಲ್ಯಾಂಗ್‌ವಿಲ್ 1960ರಲ್ಲಿ ತಯಾರಕರ ಸೂಚಿಯೊಂದನ್ನು ಪ್ರಕಟಿಸಿದ್ದರು. ವಿಲಿಯಂ ವಾಟರ್‌ಹೌಸ್ ಅದನ್ನು ಪೂರ್ತಿ ಹೊಸದಾಗಿ ಕಟ್ಟಿ 1993ರಲ್ಲಿ ಹೊರತಂದರು. ತಯಾರಕರ ಹೆಸರು, ಕೆಲಸ ಮಾಡಿದ ಕಾಲ, ವಿಳಾಸ, ಮುದ್ರೆ ಎಲ್ಲ ಅದರಲ್ಲಿದೆ. ವಿಳಾಸ ಬಹಳ ಉಪಯೋಗಕ್ಕೆ ಬರುತ್ತದೆ. ಕೆಲವರು ಬೀದಿಯ ಹೆಸರನ್ನೂ ಒತ್ತಿರುತ್ತಾರೆ. ಅಂಗಡಿ ಯಾವ ವರ್ಷ ಯಾವ ಬೀದಿಯಲ್ಲಿತ್ತು ಅಂತ ತಿಳಿದರೆ ವಾದ್ಯದ ವಯಸ್ಸು ಕೆಲವೇ ವರ್ಷಗಳ ಒಳಗೆ ಬಂದು ನಿಲ್ಲುತ್ತದೆ. ಮುದ್ರೆಯಲ್ಲಿರುವುದು ಮಾರಿದವರ ಹೆಸರೂ ಆಗಿರಬಹುದು, ಹುಷಾರು.

ಇದರ ಜೊತೆಗಾರ ಫಿಲಿಪ್ ಯಂಗ್ ಅವರ '4900 ಹಿಸ್ಟಾರಿಕಲ್ ವುಡ್‌ವಿಂಡ್ ಇನ್‌ಸ್ಟ್ರುಮೆಂಟ್ಸ್' (1993). ಯಾವ ತಯಾರಕನ ಯಾವ ವಾದ್ಯ ಯಾವ ಸಂಗ್ರಹದಲ್ಲಿ ಉಳಿದಿದೆ ಅನ್ನುವ ಪಟ್ಟಿ. ನಿಮ್ಮದರ ಅಣ್ಣತಮ್ಮಂದಿರು ಎಲ್ಲಿದ್ದಾರೆ ಅಂತ ಅದರಲ್ಲಿ ಹುಡುಕಬಹುದು.

ಹಳೆಯ ವಾದ್ಯದ ಶ್ರುತಿ ಕೂಡುತ್ತಲೇ ಇಲ್ಲ. ಇದಕ್ಕೂ ಪುಸ್ತಕ ಇದೆಯಾ?

ಇದೆ, ಮತ್ತು ನಾನು ಅದನ್ನು ಮೊದಲೇ ಓದಿದ್ದರೆ ಎಷ್ಟೋ ಸಂಕಟ ತಪ್ಪುತ್ತಿತ್ತು. ಒಮ್ಮೆ ಒಂದು ಚೆಂದದ ಹಳೆಯ ಕ್ಲಾರಿನೆಟ್ ಕೊಂಡಿದ್ದೆ. ಎಲ್ಲ ಸ್ವರವೂ ಏರಿ ನಿಲ್ಲುತ್ತಿತ್ತು. ಊದುವ ತುದಿಯ ಕೆಳಗಿರುವ ಬ್ಯಾರಲ್ ಅನ್ನುವ ತುಂಡನ್ನು ಎಳೆದು ಉದ್ದ ಮಾಡಿದೆ. ಮೇಲಿನ ಸ್ವರ ಇಳಿಯಿತು, ಕೆಳಗಿನವು ಇಳಿಯಲೇ ಇಲ್ಲ. ನನ್ನ ಊದುವಿಕೆಯೇ ತಪ್ಪು ಅಂತ ವಾರಗಟ್ಟಲೆ ಒದ್ದಾಡಿದೆ. ಕೊನೆಗೆ ಒಂದು ದಿನ ಒರೆಸುವಾಗ ಮುದ್ರೆಯ ಕೆಳಗೆ 'ಎಚ್ ಪಿ' ಅನ್ನುವ ಎರಡು ಪುಟ್ಟ ಅಕ್ಷರ ಕಂಡವು. ಹೈ ಪಿಚ್. ಆ ವಾದ್ಯವನ್ನು ಮಾಡಿದ್ದೇ ಎ ಸ್ವರ ಈಗಿನ ರೂಢಿಯ ಹಾಗೆ ಸೆಕೆಂಡಿಗೆ 440 ಕಂಪನಕ್ಕಲ್ಲ, 452ರಿಂದ 457ರ ಆಸುಪಾಸಿಗೆ. ತೂತುಗಳ ನಡುವಿನ ದೂರವೇ ಆ ಲೆಕ್ಕದ್ದು. ಎಷ್ಟು ಎಳೆದರೂ ಅದು ಕೂಡುವುದಿಲ್ಲ.

ಬ್ರೂಸ್ ಹೇನ್ಸ್ ಅವರ 'ಎ ಹಿಸ್ಟರಿ ಆಫ್ ಪರ್ಫಾರ್ಮಿಂಗ್ ಪಿಚ್' (2002) ಓದಿ. ಶ್ರುತಿ ಊರಿನಿಂದ ಊರಿಗೆ, ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಅಂತ ಅವರು ಹೇಳುವುದೇ ಉಳಿದುಕೊಂಡ ವಾದ್ಯಗಳ ಸಾಕ್ಷಿಯಿಂದ. ತಂತಿ ವಾದ್ಯವನ್ನು ಬಿಗಿ ಮಾಡಬಹುದು, ಸಡಿಲಿಸಬಹುದು. ಊದುವ ವಾದ್ಯ ಹುಟ್ಟಿದ ಶ್ರುತಿಯನ್ನೇ ಹಿಡಿದುಕೊಂಡಿರುತ್ತದೆ. ಅದಕ್ಕೇ ಅದು ಒಳ್ಳೆಯ ಸಾಕ್ಷಿ.

ವಿಜ್ಞಾನದ ಕಡೆಯಿಂದ ತಿಳಿಯಬೇಕು ಅಂದರೆ?

ಆರ್ಥರ್ ಬೆನೇಡ್ ಅವರ 'ಫಂಡಮೆಂಟಲ್ಸ್ ಆಫ್ ಮ್ಯೂಸಿಕಲ್ ಅಕೌಸ್ಟಿಕ್ಸ್' (1976). ಗಣಿತ ಕಡಿಮೆ, ಮಾಡಿ ನೋಡುವ ಪ್ರಯೋಗ ಜಾಸ್ತಿ. ಕ್ಲಾರಿನೆಟ್ ಜೋರಾಗಿ ಊದಿದಾಗ ಎಂಟನೆಯ ಸ್ವರಕ್ಕೆ ಹಾರದೆ ಹನ್ನೆರಡನೆಯದಕ್ಕೆ ಯಾಕೆ ಹಾರುತ್ತದೆ ಅನ್ನುವುದು ಗೊತ್ತಾದರೆ, ಅದಕ್ಕೆ ಅಷ್ಟೊಂದು ಕೀ ಯಾಕೆ ಬೇಕಾಯಿತು ಅನ್ನುವ ಇತಿಹಾಸವೂ ಬಿಡಿಸಿಕೊಳ್ಳುತ್ತದೆ. ಗಣಿತಕ್ಕೆ ಹೆದರದವರಿಗೆ ಕಾರ್ನೆಲಿಸ್ ನೆಡರ್‌ವೀನ್ ಬರೆದ ಪುಸ್ತಕ (1969) ಇದೆ.

ಇವೆಲ್ಲ ಯುರೋಪಿನ ವಾದ್ಯಗಳದ್ದೇ ಆಯಿತಲ್ಲ?

ಹೌದು, ಇದು ಈ ಕ್ಷೇತ್ರದ ದೊಡ್ಡ ಕೊರತೆ. 'ವುಡ್‌ವಿಂಡ್' ಅನ್ನುವ ಶೀರ್ಷಿಕೆ ಇರುವ ಪುಸ್ತಕಗಳಲ್ಲಿ ಬೇರೆ ನಾಡಿನ ವಾದ್ಯಗಳು ಹೆಚ್ಚಾಗಿ ಮುನ್ನುಡಿಯ ಹಾಗೆ ಬಂದು ಹೋಗುತ್ತವೆ. ನಿಜ ನೋಡಿದರೆ ಜೋಡಿ ರೀಡಿನ ಕುಲ ಬಹಳ ದೊಡ್ಡದು. ಟರ್ಕಿಯ ಜುರ್ನಾ, ಚೀನಾದ ಸುವೊನಾ, ಶಹನಾಯಿ, ನಾಗಸ್ವರ, ಯುರೋಪಿನ ಶಾಮ್ ಎಲ್ಲ ಒಂದೇ ಬಗೆಯವು. ಓಬೋ ಆ ಸಂಸಾರದ ಒಂದು ಕವಲು.

ಇಡೀ ಜಗತ್ತಿನ ನೋಟಕ್ಕೆ ಕುರ್ಟ್ ಸ್ಯಾಕ್ಸ್ ಅವರ 'ದ ಹಿಸ್ಟರಿ ಆಫ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್' (1940) ಈಗಲೂ ಬೇಕು. ಅವರ ಕೆಲವು ಊಹೆಗಳು ಈಗ ನಿಲ್ಲುವುದಿಲ್ಲ. ಆದರೆ ನೋಟದ ಹರವು ಅಪರೂಪದ್ದು. ಭಾರತದ ವಾದ್ಯಗಳಿಗೆ ಬಿ. ಸಿ. ದೇವ ಅವರ 'ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್ ಆಫ್ ಇಂಡಿಯಾ' ಓದಿ. ಚೀಲದ ವಾದ್ಯಗಳಿಗೆ ಬೇನ್ಸ್ ಅವರದೇ 'ಬ್ಯಾಗ್‌ಪೈಪ್ಸ್' (1960).

ನಿಘಂಟಿನ ಹಾಗೆ ತೆಗೆದು ನೋಡುವಂಥದ್ದು?

'ದ ನ್ಯೂ ಗ್ರೋವ್ ಡಿಕ್ಷನರಿ ಆಫ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್'. 1984ರಲ್ಲಿ ಮೂರು ಸಂಪುಟ. 2014ರ ಎರಡನೆಯ ಆವೃತ್ತಿ ಐದು ಸಂಪುಟ. ಮನೆಗೆ ಕೊಳ್ಳುವಂಥದ್ದಲ್ಲ, ಗ್ರಂಥಾಲಯದಲ್ಲಿ ಕೂತು ನೋಡುವಂಥದ್ದು. ಒಂದೇ ಸಂಪುಟ ಸಾಕು ಅನ್ನುವವರಿಗೆ ಬೇನ್ಸ್ ಅವರ 'ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್' (1992) ಇದೆ.

ಪುಸ್ತಕಕ್ಕಿಂತ ಹೊಸ ಮಾಹಿತಿ ಎಲ್ಲಿ ಸಿಗುತ್ತದೆ?

ಪತ್ರಿಕೆಗಳಲ್ಲಿ. ಗ್ಯಾಲ್ಪಿನ್ ಸೊಸೈಟಿ 1946ರಲ್ಲಿ ಶುರುವಾಯಿತು, ಅದರ ಜರ್ನಲ್ 1948ರಿಂದ ಬರುತ್ತಿದೆ. ಅಮೆರಿಕದ ವಾದ್ಯ ಸೊಸೈಟಿಯ ಜರ್ನಲ್ 1975ರಿಂದ. ಮೇಲೆ ಹೇಳಿದ ಎಷ್ಟೋ ಪುಸ್ತಕಗಳ ಮುಖ್ಯ ಮಾತುಗಳು ಮೊದಲು ಅಚ್ಚಾದದ್ದು ಇಂಥ ಪತ್ರಿಕೆಗಳಲ್ಲಿ, ಹತ್ತಿಪ್ಪತ್ತು ಪುಟದ ಲೇಖನವಾಗಿ.

ಇಷ್ಟೆಲ್ಲ ಪುಸ್ತಕ ಕೊಳ್ಳಲು ಆಗುವುದಿಲ್ಲ. ದುಡ್ಡಿಲ್ಲದೆ ಶುರು ಮಾಡಬಹುದಾ?

ಆರಾಮಾಗಿ. ಪ್ರೆಟೋರಿಯಸ್, ಮೆರ್ಸೆನ್, ಒಟೆಟೇರ್, ಕ್ವಾಂಟ್ಸ್‌ನ ಮೂಲ ಆವೃತ್ತಿ, ಬೋಮ್, ರಾಕ್‌ಸ್ಟ್ರೋ, ವೆಲ್ಚ್ ಇವೆಲ್ಲ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು. ಇಂಟರ್‌ನೆಟ್ ಆರ್ಕೈವ್‌ನಂಥ ಡಿಜಿಟಲ್ ಗ್ರಂಥಾಲಯಗಳಲ್ಲಿ ಹುಡುಕಿದರೆ ಸ್ಕ್ಯಾನ್ ಪ್ರತಿಗಳು ಉಚಿತವಾಗಿ ಸಿಗುತ್ತವೆ. ಮಿಲ್ಲರ್ ಅವರ ಫ್ಲೂಟುಗಳ ಚಿತ್ರಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ಎಲ್ಲರಿಗೂ ತೆರೆದಿಟ್ಟಿದೆ.

ಒಂದನ್ನು ಕೊಳ್ಳಲು ಆದರೆ ಬೇನ್ಸ್ ಕೊಳ್ಳಿ, ಹಳೆಯ ಪ್ರತಿಯಾದರೂ ಪರವಾಗಿಲ್ಲ. ಎರಡನೆಯದು ನಿಮ್ಮ ವಾದ್ಯದ ಯೇಲ್ ಸಂಪುಟ. ಲ್ಯಾಂಗ್‌ವಿಲ್ ಸೂಚಿ, ಯಂಗ್ ಪಟ್ಟಿ, ಗ್ರೋವ್ ಇವು ಬೇಕಾದಾಗ ಗ್ರಂಥಾಲಯದಲ್ಲಿ ನೋಡಿದರೆ ಸಾಕು. ಹೋಗುವಾಗ ಮುದ್ರೆಯ ಫೋಟೊ, ಕೀಗಳ ಎಣಿಕೆ, ಪ್ರತಿ ಭಾಗದ ಉದ್ದ ಬರೆದುಕೊಂಡು ಹೋಗಿ. ಅಲ್ಲಿ ಕೂತ ಮೇಲೆ 'ಆ ಮುದ್ರೆಯಲ್ಲಿ ಬೀದಿ ಹೆಸರು ಇತ್ತಾ, ಇರಲಿಲ್ವಾ' ಅಂತ ನೆನಪು ಮಾಡಿಕೊಳ್ಳಲು ಆಗುವುದಿಲ್ಲ.